ಕರ್ಚೀಫಿನ ಕೆಳಗೆ ಮೂರು ಬೆರಳು

ಆ ವರ್ಷ ನಮ್ಮ ಕಾಮರ್ಸ್ ಕಾಲೇಜಿಗೆ ಮೈಸೂರು ಕಡೆಯಿಂದ ಬಂದ ಮಾಸ್ತರರು ತಮ್ಮ ಟ್ರಂಕಿಗೆ ಬಿಗಿದಿದ್ದ ಹಗ್ಗವನ್ನು ಬಿಚ್ಚಿರಲೇ ಇಲ್ಲ. ಜೂನಿನಲ್ಲಿ ಬಾಗಲಕೋಟೆ ಸ್ಟೇಶನ್ನಿನಿಂದ ಟಾಂಗಾದಲ್ಲಿ ತಂದು ಇಳಿಸಿದಾಗ ಹೇಗಿತ್ತೋ, ಚಳಿಗಾಲ ಮುಗಿಯುವ ಹೊತ್ತಿಗೂ ಹಾಗೇ ಇತ್ತು. ಅಂಗಿ ಬೇಕಾದರೆ ಹಗ್ಗದ ಸಂದಿಯಿಂದ ಮುಚ್ಚಳವನ್ನು ಒಂದಿಷ್ಟು ಎತ್ತಿ, ಕೈ ತೂರಿಸಿ, ಹಸುವಿಗೆ ಹೆರಿಗೆ ಮಾಡಿಸುವವರಂತೆ ತಡಕಾಡಿ ಎಳೆದು ತೆಗೆಯುತ್ತಿದ್ದರು. ಒಮ್ಮೆ ನಾನು ಕೇಳಿಯೇ ಬಿಟ್ಟೆ.

"ಬಿಚ್ಚಿದರೆ ಮತ್ತೆ ಕಟ್ಟಬೇಕಾಗುತ್ತಲ್ಲಪ್ಪಾ" ಅಂದರು.

ಅವರದು ಟೆಂಪರರಿ ಕೆಲಸ. ಹೆಂಡತಿ, ಆಗಷ್ಟೇ ಹೆಜ್ಜೆ ಇಡಲು ಕಲಿತಿದ್ದ ಮಗಳು ಇಬ್ಬರೂ ಮೈಸೂರಿನಲ್ಲಿ ಮಾವನ ಮನೆಯಲ್ಲಿದ್ದರು. ಕೆಲಸ ಗಟ್ಟಿಯಾದ ಮೇಲೆ ಕರೆಸಿಕೊಳ್ಳುವುದೆಂದು ಮಾತು. ಈಗ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿರುವ ಹಳೇ ಊರಿನ ಓಣಿಯೊಂದರಲ್ಲಿ, ನಮ್ಮ ಹಾಸ್ಟೆಲಿನ ಹಿಂಬದಿಗೆ, ಅವರ ಬಾಡಿಗೆ ಕೋಣೆ. ನಾನು ಅಲ್ಲಿಗೆ ಹೋಗುತ್ತಿದ್ದದ್ದು ವಿದ್ಯೆಯ ಹಂಬಲದಿಂದಲ್ಲ. ಪರೀಕ್ಷೆಯಲ್ಲಿ ಏನು ಬರಬಹುದು ಎಂಬ ಭಯ ಹತ್ತಿದಾಗ, ಅದನ್ನು ಇಳಿಸಿ ಬರಲು ಒಂದು ಜಾಗ ಬೇಕಿತ್ತು. ಅವರೂ ನನ್ನಂತೆಯೇ ಹೆದರಿದವರು ಎಂದು ತಿಳಿದ ಮೇಲೆ ಇನ್ನೂ ಹೆಚ್ಚು ಹೋಗತೊಡಗಿದೆ. ಹೆದರಿದವರಿಗೆ ಹೆದರಿದವರ ಕೋಣೆಯಲ್ಲಿ ಒಂದು ನಮೂನೆಯ ತಂಪು.

ನನ್ನ ಬಗ್ಗೆ ಹೇಳುವುದಾದರೆ, ಎಂಬತ್ತರ ದಶಕದ ಆ ಮೊದಲ ವರ್ಷಗಳಲ್ಲಿ ನನ್ನ ತರಗತಿಯ ಹುಡುಗರು ನೌಕರಿಯ ಕನಸು ಕಾಣುತ್ತಿದ್ದರೆ, ಚಿಂತೆ ಮಾಡುವುದರಲ್ಲಿ ನನಗೆ ಆಗಲೇ ಖಾಯಂ ನೌಕರಿ ಸಿಕ್ಕಿತ್ತು. ಕೋಣೆಗೆ ಬೀಗ ಹಾಕಿ ಮೆಟ್ಟಿಲು ಇಳಿದು, ಹಾಕಿದೆನೋ ಇಲ್ಲವೋ ಎಂದು ಮತ್ತೆ ಹತ್ತುತ್ತಿದ್ದೆ. ಬೀಗ ಹಾಕಿದ್ದು ಕಂಡ ಮೇಲೆ, ಒಳಗೆ ಯಾರನ್ನಾದರೂ ಬಿಟ್ಟು ಹಾಕಿದೆನೇನೋ ಎಂದು ಬಾಗಿಲು ಬಡಿಯುತ್ತಿದ್ದೆ. ಈಗಲೂ ಬಡಿಯುತ್ತೇನೆ. ಹೆಂಡತಿ ಒಳಗಿದ್ದರೆ ಬೈಯುತ್ತಾಳೆ.

ನಮ್ಮಪ್ಪ ಕೆರೂರಿನ ದನದ ಸಂತೆಯಲ್ಲಿ ದಲಾಲಿ. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವವರು, ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ವ್ಯಾಪಾರ ಕುದುರಿಸುವವರು. ಆ ಸಂತೆಯಲ್ಲಿ ದರವನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಹೆಗಲ ಮೇಲಿನ ವಸ್ತ್ರವನ್ನು ಇಬ್ಬರ ಕೈ ಮೇಲೆ ಹೊದಿಸಿ, ಅದರ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿಯುವುದು. ಹಿಡಿದ ಬೆರಳು ಎಷ್ಟೋ ದರ ಅಷ್ಟು. ಹತ್ತೋ ನೂರೋ ಸಾವಿರವೋ ಎಂಬುದು ಎದುರಿಗೆ ನಿಂತ ಎತ್ತನ್ನು ನೋಡಿದರೆ ಇಬ್ಬರಿಗೂ ಗೊತ್ತು. ಒಲ್ಲೆ ಎಂದರೆ 'ಊಹುಂ', ಒಪ್ಪಿದರೆ 'ಹೂಂ' ಎಂದು ಇಡೀ ಅಂಗೈಯನ್ನು ಅದುಮುವುದು. ಅಲ್ಲಿಗೆ ಮುಗಿಯಿತು. ಸುತ್ತ ನಿಂತ ಮಂದಿಗೆ ಕಾಣುವುದು ವಸ್ತ್ರದ ಅಲುಗಾಟ ಮಾತ್ರ. ನಾನು ಚಿಕ್ಕವನಿದ್ದಾಗ ಒಮ್ಮೆ ಬಗ್ಗಿ ಕೆಳಗಿನಿಂದ ಇಣುಕಲು ಹೋಗಿ, ಅಪ್ಪನ ಇನ್ನೊಂದು ಕೈಯಿಂದ ಕಪಾಳಕ್ಕೆ ತಿಂದಿದ್ದೆ. "ಮಂದಿ ವಸ್ತ್ರದ ಬುಡಕ ಕಣ್ಣ ಹಾಕಬಾರದಲೇ" ಎಂದದ್ದು ಅವರು ನನಗೆ ಕಲಿಸಿದ ಮೊದಲ ಮರ್ಯಾದೆ.

ಹಾಸ್ಟೆಲಿನಲ್ಲಿ ನನ್ನ ಕೋಣೆಯ ಗೆಳೆಯ ಇಳಕಲ್ಲಿನವನು. ಅವರ ಮನೆಯಲ್ಲಿ ಸೀರೆ ಅಂಗಡಿ. ಬಾಯಿ ಎಂದರೆ ಬಾಯಿ. ಸುಮ್ಮನಿದ್ದರೆ ಹುಷಾರಿಲ್ಲವೆಂದು ಅರ್ಥ. ಅವನಿಗೆ ನಾನು ಈ ಬೆರಳಿನ ವ್ಯಾಪಾರ ಕಲಿಸಿದ್ದೆ. ಊರಿಂದ ಬಂದ ಬುತ್ತಿಯ ಶೇಂಗಾ ಹೋಳಿಗೆಗೆ ಪ್ರತಿಯಾಗಿ ಅವನು ಎಷ್ಟು ದಿನ ನೀರು ಹೊರಬೇಕು ಎಂಬುದೆಲ್ಲ ನಮ್ಮಿಬ್ಬರಲ್ಲಿ ಟಾವೆಲಿನ ಕೆಳಗೇ ತೀರ್ಮಾನವಾಗುತ್ತಿತ್ತು.

ಇಂಥ ಸ್ಥಿತಿಯಲ್ಲಿ ಕಾಮರ್ಸ್ ಅಸೋಸಿಯೇಶನ್ನಿನ ವಾರ್ಷಿಕ ಸಮಾರಂಭ ಬಂತು.

ಪ್ರತಿವರ್ಷ ಅದು ಅವಲಕ್ಕಿ ಚಹಾದ ಸಮಾರಂಭ. ಸ್ವಾಗತಗೀತೆ, ಹಾರ, ಭಾಷಣ, ಮತ್ತೆ ಭಾಷಣ. ಆ ವರ್ಷ ನಮ್ಮ ಮಾಸ್ತರರು ಹೊಸದೇನೋ ಮಾಡುವ ಉಮೇದಿನಲ್ಲಿದ್ದರು. ವೇದಿಕೆಯ ಮೇಲೆ ಇಬ್ಬರು ವಿದ್ಯಾರ್ಥಿಗಳು, ಒಬ್ಬ ಮಾರುವವನು, ಒಬ್ಬ ಕೊಳ್ಳುವವನು. ನಿಜವಾದ ಸರಕನ್ನಿಟ್ಟುಕೊಂಡು ಎಲ್ಲರೆದುರು ಚೌಕಾಶಿ ಮಾಡಿ ತೋರಿಸುವುದು. ದೊಡ್ಡ ಊರುಗಳ ಕಾಲೇಜುಗಳಲ್ಲಿ ಹೀಗೆಲ್ಲ ಮಾಡಿ ಕಲಿಸುತ್ತಾರಂತೆ. ಪ್ರಿನ್ಸಿಪಾಲರು ಒಪ್ಪಿದರು. ಒಪ್ಪಿ, ಹೊರಟವರನ್ನು ಬಾಗಿಲಲ್ಲಿ ನಿಲ್ಲಿಸಿ ಹೇಳಿದರಂತೆ: "ಮಾಡ್ರಿ. ಆದ್ರ ಚೆಂದಾಗಿ ಮಾಡ್ರಿ. ಚೇರ್ಮನ್ ಸಾಹೇಬ್ರು ಬರತಾರ. ಮುಂದಿನ ವರ್ಷ ನಿಮ್ಮನ್ನ ಇಟಗೊಳ್ಳೂದೋ ಬ್ಯಾಡೋ ಅಂತ ಅವರು ಇದನ್ನ ನೋಡೇ ಹೇಳವರು."

ಚೇರ್ಮನ್ ಸಾಹೇಬರೆಂದರೆ ನಮ್ಮ ಕಾಲೇಜಿನ ಆಡಳಿತ ಮಂಡಳಿಯ ಹಿರಿಯರು, ಹುನಗುಂದದಲ್ಲಿ ಅರಳೆಯ ಅಡತಿ ಅಂಗಡಿ ಇಟ್ಟು ಕಮಿಷನ್ ವ್ಯಾಪಾರ ಮಾಡುವವರು. ಧೋತರ, ಕರಿ ಟೊಪ್ಪಿಗೆ, ಹೆಗಲ ಮೇಲೆ ಜರಿಯಂಚಿನ ಶಲ್ಯ. ಮಾತು ಕಡಿಮೆ. ಮಾತು ಕಡಿಮೆ ಇರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಹೆದರಿಕೆ. ಉಳಿದ ಮಾತನ್ನು ಎಲ್ಲಿ ಇಟ್ಟಿದ್ದಾರೆಂದು ಗೊತ್ತಾಗುವುದಿಲ್ಲ.

ಯಾರು ವೇದಿಕೆ ಹತ್ತುತ್ತೀರಿ ಎಂದು ಮಾಸ್ತರರು ಕೇಳಿದಾಗ ನಾನು ಡೆಸ್ಕಿನ ಕೆಳಗೆ ಬಿದ್ದ ಪೆನ್ನನ್ನು ಹುಡುಕುತ್ತಿದ್ದೆ. ಪೆನ್ನು ಬಿದ್ದಿರಲಿಲ್ಲ.

"ಸರ್, ಇವನ್ನ ತಗೋರಿ" ಎಂದ ಇಳಕಲ್ಲಿನವ. "ಇವರಪ್ಪ ದಲಾಲಿ ಅದಾರ್ರಿ. ಹುಟ್ಟಿದಾಗಿಂದ ಸಂತ್ಯಾಗ ಬೆಳದಾನ. ನಾ ಸೀರಿ ಮಾರತೇನಿ, ಇಂವಾ ತಗೋತಾನ."

"ಸಂತೆಯಲ್ಲಿ ಬೆಳೆದವನಾ? ಹಾಗಿದ್ದರೆ ನೀನೇ ಸರಿ ಕಣಪ್ಪಾ" ಎಂದ ಮಾಸ್ತರರ ಮುಖದಲ್ಲಿ ಆ ವರ್ಷದಲ್ಲೇ ಮೊದಲ ಸಲ ನೆಮ್ಮದಿ ಕಂಡಿತು. ಅದನ್ನು ನೋಡಿದ ಮೇಲೆ ಒಲ್ಲೆ ಎನ್ನಲು ಬಾಯಿ ಬರಲಿಲ್ಲ. ಅಂದಿನಿಂದ ನನಗೆ ಊಟ ಸೇರಲಿಲ್ಲ.

ತಾಲೀಮು ಶುರುವಾಯಿತು. ಮೊದಲು ನಮಸ್ಕಾರ, ಆಮೇಲೆ ಸರಕಿನ ಗುಣ, ಕೊನೆಗೆ ದರ. "ದರ ಹೇಳುವಾಗ ದನಿ ಸ್ಪಷ್ಟವಾಗಿರಬೇಕು, ಹಿಂದಿನ ಸಾಲಿನವರಿಗೂ ಕೇಳಿಸಬೇಕು" ಎಂದು ಮಾಸ್ತರರು ತಾವೇ ಹಿಂದಿನ ಸಾಲಿಗೆ ಹೋಗಿ ಕೂರುತ್ತಿದ್ದರು. ಗೆಳೆಯ ಸೀರೆಯ ಸೆರಗು ಬಿಡಿಸಿ ಹಾಡಿದಂತೆ ವರ್ಣಿಸುತ್ತಿದ್ದ. ನಾನೂ ನಮಸ್ಕಾರ ಮಾಡುತ್ತಿದ್ದೆ, ಅಂಚಿನ ದಡಿ ಮುಟ್ಟಿ ನೋಡುತ್ತಿದ್ದೆ, ಬಣ್ಣ ಬಿಡುತ್ತದೆಯೇ ಎಂದು ಕೇಳುತ್ತಿದ್ದೆ. ದರದ ಹತ್ತಿರ ಬಂದೊಡನೆ ನಾಲಿಗೆ ನಿಂತುಬಿಡುತ್ತಿತ್ತು.

"ಯಾಕಲೇ, ಏನಾಗೇತಿ ನಿನಗ?" ಗೆಳೆಯ ಕೋಣೆಗೆ ಬಂದ ಮೇಲೆ ತರಾಟೆಗೆ ತೆಗೆದುಕೊಂಡ.

"ಅಷ್ಟ ಮಂದಿ ಮುಂದ ಬಾಯಿ ಬಿಟ್ಟ ದರ ಹ್ಯಾಂಗ ಹೇಳೂದಲೇ?"

"ಬಾಯಿ ಬಿಟ್ಟ ಹೇಳದ ಮೂಗಿಲೆ ಹೇಳತಿ?"

ಅವನಿಗೆ ತಿಳಿಯುವಂತಿರಲಿಲ್ಲ. ಅಂಗಡಿಯಲ್ಲಿ ಬೆಳೆದವನಿಗೆ ದರ ಎಂದರೆ ಕೂಗಿ ಹೇಳುವ ಮಾತು. ನನಗೆ ಅದು ನಡುಸಂತೆಯಲ್ಲಿ ಧೋತರ ಬಿಚ್ಚಿದ ಹಾಗೆ. ಕಾಮರ್ಸ್ ಓದಿ ವ್ಯಾಪಾರಿಯಾಗಬೇಕೆಂದು ಕಾಲೇಜಿಗೆ ಬಂದವನಿಗೆ ಬೆಲೆ ಹೇಳಲು ನಾಚಿಕೆ! ನಗುವವರಿಗೆ ಇಷ್ಟು ಸಾಕು. ಆದರೆ ನಾನು ನಾಚಿದರೆ ಮಾಸ್ತರರ ಹೊಟ್ಟೆಯ ಮೇಲೆ ಹೊಡೆದಂತೆ ಎಂಬುದು ನೆನಪಾಗಿ, ಆ ಹಗ್ಗ ಬಿಗಿದ ಟ್ರಂಕು ನನ್ನ ಎದೆಯ ಮೇಲೇ ಕೂತಂತೆ ಆಗುತ್ತಿತ್ತು.

ಸಮಾರಂಭದ ದಿನ ಸಭಾಗೃಹ ತುಂಬಿತ್ತು. ಹಿಂದೆ ಹುಡುಗರು, ಒಂದು ಬದಿಗೆ ಹುಡುಗಿಯರು, ಮುಂದಿನ ಸಾಲಿನ ಕುರ್ಚಿಗಳಲ್ಲಿ ಊರಿನ ವ್ಯಾಪಾರಸ್ಥರು, ನಡುವೆ ಚೇರ್ಮನ್ ಸಾಹೇಬರು. ಮೇಜಿನ ಮೇಲೆ ಗೆಳೆಯನ ಅಂಗಡಿಯಿಂದ ತಂದ ಇಳಕಲ್ ಸೀರೆ, ಕೆಂಪು ಸೆರಗು ಮುಂದಕ್ಕೆ ಇಳಿಬಿಟ್ಟದ್ದು. ಮಾಸ್ತರರು ವೇದಿಕೆಯ ಪಕ್ಕದ ಪರದೆಗೆ ಅಂಟಿಕೊಂಡು, ಕರ್ಚೀಫಿನಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು.

ಗೆಳೆಯ ಶುರು ಮಾಡಿದ. ಹುಡುಗಿಯರ ಕಡೆ ನೋಡಿ ಸೆರಗು ಹೊಗಳಿದ, ಚಪ್ಪಾಳೆ ಬಿತ್ತು. ನಾನು ನಮಸ್ಕಾರ ಮಾಡಿದೆ. ದಡಿ ಮುಟ್ಟಿದೆ. ಬಣ್ಣದ ಬಗ್ಗೆ ಕೇಳಿದೆ.

"ಬಣ್ಣ ಬಿಟ್ರ ನನ್ನ ಹೆಸರ ಬಿಡತೇನಿ! ಈಗ ದರ ಹೇಳ್ರಿ ಸಾವಕಾರ್ರ, ಎಷ್ಟಕ್ಕ ತಗೋತೀರಿ?" ಎಂದ ಅವನು ಮೈಕಿನ ಹತ್ತಿರ ಬಾಗಿ.

ನಾನು ಬಾಯಿ ತೆರೆದೆ. ಗಾಳಿ ಒಳಗೆ ಹೋಯಿತು, ಏನೂ ಹೊರಗೆ ಬರಲಿಲ್ಲ. ಹಿಂದಿನಿಂದ ಯಾರೋ "ಮಗ್ಗಿ ಅನ್ನಲೇ, ನೆನಪಾಗತೈತಿ" ಎಂದು ಕೂಗಿದರು. ನಗು ಎದ್ದಿತು. ಪರದೆಯ ಸಂದಿಯಿಂದ "ಹೇಳಪ್ಪಾ... ಹೇಳು" ಎಂಬ ಪಿಸುಮಾತು. ಆ ಪಿಸುಮಾತಿನಲ್ಲಿ ಮೈಸೂರಿನಲ್ಲಿದ್ದ ಆ ಮಗುವಿನ ಅಳುವೂ ಸೇರಿದಂತೆ ನನಗೆ ಕೇಳಿಸಿತು. ಕೈ ತಾನಾಗಿ ಮುಂದೆ ಹೋಯಿತು. ಸೀರೆಯ ಸೆರಗನ್ನು ಎತ್ತಿ ಗೆಳೆಯನ ಕೈ ಮೇಲೆ ಹಾಕಿ, ಅದರ ಕೆಳಗೆ ಅವನ ಬೆರಳು ಹಿಡಿದೆ.

ಅವನು ಬೆಪ್ಪಾಗಿ ನನ್ನ ಮುಖ ನೋಡಿದ. ಆಮೇಲೆ, ಹಾಸ್ಟೆಲಿನ ರೂಢಿ ಎಂಥದೋ, ಹೋಳಿಗೆಯ ವ್ಯಾಪಾರ ನೆನಪಾಗಿರಬೇಕು, "ಊಹುಂ" ಎಂದ. ಮೈಕಿನಲ್ಲಿ ಅದು ಇಡೀ ಸಭಾಗೃಹಕ್ಕೆ ಕೇಳಿಸಿತು. ನಾನು ಬೆರಳು ಬದಲಿಸಿದೆ. "ಊಹುಂ." ಅವನು ನನ್ನ ಬೆರಳು ಹಿಡಿದ. ಈಗ "ಊಹುಂ" ಎನ್ನುವ ಸರದಿ ನನ್ನದು. ಅಚ್ಚರಿಯೆಂದರೆ ಆ ಊಹುಂ ಸ್ಪಷ್ಟವಾಗಿ, ಹಿಂದಿನ ಸಾಲಿಗೂ ಕೇಳುವಂತೆ ಬಂತು.

ಪ್ರಿನ್ಸಿಪಾಲರು ಮಾಸ್ತರರತ್ತ ಕಣ್ಣು ಕೆಕ್ಕರಿಸಿದರು. ಮಾಸ್ತರರು ಪರದೆಯ ಹಿಂದೆ ಮಾಯವಾದರು. ಹಿಂದಿನ ಹುಡುಗರು ಕೇಕೆ ಹಾಕತೊಡಗಿದರು. ಆದರೆ ಮುಂದಿನ ಸಾಲು ಮಾತ್ರ ಬೇರೆಯೇ ಆಗಿತ್ತು. ಇಷ್ಟು ಹೊತ್ತು ಆಕಳಿಸುತ್ತಿದ್ದ ವ್ಯಾಪಾರಸ್ಥರು ಕುರ್ಚಿಯ ತುದಿಗೆ ಬಂದು ಕುಳಿತಿದ್ದರು. "ಏ, ಸುಮ್ಮನಿರ್ರಲೇ ಹಿಂದ! ಹುಡುಗ ಹಿಡದಾನ, ನೋಡೂಣು" ಎಂದು ಒಬ್ಬರು ತಿರುಗಿ ಗದರಿದರು. "ಸೀರಿಯಂವಾ ಬಿಡಾಂಗಿಲ್ಲ" ಎಂದರು ಇನ್ನೊಬ್ಬರು. "ಬಿಡತಾನ, ಬಿಡತಾನ. ಹುಬ್ಬ ನೋಡ್ರಿ ಅವಂದು." ಹಿಂದಿನ ಕೇಕೆ ಇಳಿಯಿತು. ಕೆಂಪು ಸೆರಗು ಅಲುಗಿತು, ನಿಂತಿತು, ಮತ್ತೆ ಅಲುಗಿತು. ಕೊನೆಗೆ ಗೆಳೆಯ "ಹೂಂ" ಎಂದು ಅಂಗೈ ಅದುಮಿದಾಗ ಮುಂದಿನ ಸಾಲಿನಿಂದ ಎದ್ದ ಚಪ್ಪಾಳೆಗೆ ಹಿಂದಿನ ಸಾಲು ಏನೂ ತಿಳಿಯದೆ ಕೈ ಸೇರಿಸಿತು.

ಚೇರ್ಮನ್ ಸಾಹೇಬರು ಎದ್ದು ವೇದಿಕೆ ಹತ್ತಿದರು. ನಾನು ಗೆಳೆಯನ ಹಿಂದೆ ಸರಿದೆ.

"ಯಾರ ಕಲಿಸಿದ್ದು ಇದನ್ನ?"

ಪ್ರಿನ್ಸಿಪಾಲರು ಮಾಸ್ತರರನ್ನು ಪರದೆಯ ಹಿಂದಿನಿಂದ ಎಳೆದು ತಂದು ಮುಂದೆ ನಿಲ್ಲಿಸಿದರು. ಬೈಗುಳವೇ ಬರುವುದಿದ್ದರೆ ಬೀಳಬೇಕಾದವರ ಮೇಲೆ ಬೀಳಲಿ ಎಂದಿರಬೇಕು. "ಸಾರ್, ಇದು... ನಾನು ಹೀಗೆ ಮಾಡಲು..." ಎಂದು ಮಾಸ್ತರರು ತೊದಲುತ್ತಿರುವಾಗಲೇ ಚೇರ್ಮನ್ ಸಾಹೇಬರು ಹೆಗಲಿನ ಶಲ್ಯ ತೆಗೆದು ಅವರ ಕೈ ಮೇಲೆ ಹೊದಿಸಿದರು. ತಮ್ಮ ಕೈಯನ್ನು ಕೆಳಗೆ ತೂರಿಸಿದರು. ಮಾಸ್ತರರ ಮುಖವನ್ನೇ ನೋಡುತ್ತ ಒಂದು ಕ್ಷಣ ನಿಂತರು. ದೊಡ್ಡವರು ಹಾಗೆ ನೋಡಿದಾಗ ಸಭ್ಯರು ಏನು ಮಾಡುತ್ತಾರೋ ಮಾಸ್ತರರೂ ಅದನ್ನೇ ಮಾಡಿದರು. ತಲೆಯಾಡಿಸಿ "ಹೂಂ" ಎಂದರು.

ಚೇರ್ಮನ್ ಸಾಹೇಬರು ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡು, ಅವಲಕ್ಕಿಯನ್ನೂ ಮುಟ್ಟದೆ ಕಾರು ಹತ್ತಿ ಹುನಗುಂದಕ್ಕೆ ಹೋಗಿಬಿಟ್ಟರು.

"ಅವರು ಏನು ಹಿಡಿದರು ಅಂತ ನಿನಗೆ ಗೊತ್ತಾಗುತ್ತಾ?" ಎಂದು ಮಾಸ್ತರರು ನನ್ನನ್ನು ಬೇವಿನ ಮರದ ಕೆಳಗೆ ಕರೆದೊಯ್ದು ಕೇಳಿದರು. ನನ್ನ ಕೈ ತೆಗೆದುಕೊಂಡು ಮೂರು ಬೆರಳು ಹಿಡಿದರು. "ಮೊದಲು ಹೀಗೆ. ಆಮೇಲೆ ಹೀಗೆ" ಎಂದು ಅಂಗೈ ಅದುಮಿದರು.

"ಅಂಗೈ ಒತ್ತಿದ್ರ ವ್ಯಾಪಾರ ಮುಗೀತು ಅಂತ್ರಿ ಸರ್."

"ಸರಿ. ಏನು ವ್ಯಾಪಾರ? ಮೂರು ಅಂದರೆ ಏನು?"

ಎತ್ತು ಎದುರಿಗಿದ್ದರೆ ಮೂರು ಎಂದರೆ ಏನೆಂದು ಹೇಳಬಹುದು. ಇಲ್ಲಿ ಎದುರಿಗಿದ್ದದ್ದು ಮಾಸ್ತರರು.

"ಮೂರ ವರ್ಷ ಇಟಗೋತೇವಿ ಅಂತ ಇರಬೇಕ್ರಿ" ಎಂದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ನಾನು ನಾನಾಗುತ್ತಿರಲಿಲ್ಲ. "ಇಲ್ಲಾಂದ್ರ ಮೂರ ತಿಂಗಳು, ಪರೀಕ್ಷಾ ಮುಗಿಯೂತನಕ."

"ಮೂರ ದಿನದಾಗ ಖೋಲಿ ಖಾಲಿ ಮಾಡ್ರಿ ಅಂತನೂ ಆಗಬಹುದಲ್ಲಲೇ?" ಎಂದ ಹಿಂದೆಯೇ ಬಂದಿದ್ದ ಇಳಕಲ್ಲಿನವ, ಸಹಾಯ ಮಾಡುವ ದನಿಯಲ್ಲಿ.

ಮಾಸ್ತರರು ಮರಕ್ಕೆ ಒರಗಿದರು. "ನಾನು ಹೂಂ ಅಂದುಬಿಟ್ಟೆನಲ್ಲಪ್ಪಾ" ಎಂದರು.

ಮೂರು ದಿನ ಕಳೆಯಿತು. ಯಾರೂ ಖೋಲಿ ಖಾಲಿ ಮಾಡಿಸಲು ಬರಲಿಲ್ಲ. ಒಂದು ಅರ್ಥ ಕಡಿಮೆಯಾಯಿತೆಂದು ನಾನು ಸಮಾಧಾನ ಹೇಳಿದೆ. ಪ್ರಿನ್ಸಿಪಾಲರನ್ನು ಕೇಳಿದರೆ, "ಸಾಹೇಬ್ರು ನಿಮ್ಮ ಕೂಡೇ ಮಾತಾಡ್ಯಾರಲ್ಲರಿ, ನನ್ನೇನ ಕೇಳತೀರಿ?" ಎಂದರಂತೆ.

ಭಾನುವಾರ ಊರಿಗೆ ಹೋದವನು ಅಪ್ಪನ ಮುಂದೆ ಎಲ್ಲ ಬಿಚ್ಚಿದೆ. ಅಪ್ಪ ಹಗ್ಗ ಹೊಸೆಯುತ್ತ ಕೂತಿದ್ದರು.

"ಅಂಗೈ ಒತ್ತ್ಯಾರಂದ್ರ ಸೌದಾ ಆತು. ಮೂರಂದ್ರ ಏನು ಅಂಬೂದು ಆ ಮಾಸ್ತರಗ ಗೊತ್ತಿರಬೇಕು."

"ಅವರಿಗೆ ಗೊತ್ತಿಲ್ಲಪಾ."

"ಗೊತ್ತಿಲ್ಲದ ಹೂಂ ಅಂದಾನ? ಏನ ಕಲಸ್ತಾನಲೇ ಅಂವಾ ನಿಮಗ?"

"ವ್ಯಾಪಾರ."

ಅಪ್ಪ ನಕ್ಕ ನಗುವಿಗೆ ಕಟ್ಟಿದ ಎಮ್ಮೆ ತಿರುಗಿ ನೋಡಿತು. ನಕ್ಕು ಮುಗಿಸಿ, ಕಣ್ಣೊರೆಸಿಕೊಂಡು, ನಾನು ಅತ್ಯಂತ ಹೆದರಿದ್ದ ಮಾತನ್ನು ಹೇಳಿದರು. "ಹೋಗಿ ಏನ್ರಿ ಅದು ಅಂತ ಬಾಯಿಲೆ ಕೇಳೀರಿ ಮತ್ತ. ಹೂಂ ಅಂದಂವಾ ತಿರುಗಿ ಕೇಳಿದ್ರ ಸೌದಾ ಮುರೀತಂತನ ಅರ್ಥ."

ಈ ಮಾತನ್ನು ಮಾಸ್ತರರಿಗೆ ಹೇಳಬೇಕೋ ಬೇಡವೋ ಎಂದು ಕೆರೂರಿನಿಂದ ಬಾಗಲಕೋಟೆಯವರೆಗೆ ಬಸ್ಸಿನಲ್ಲಿ ತೂಗಿದೆ. ಹೇಳಿದೆ. ಅವರು ಸುಮ್ಮನೆ ಟ್ರಂಕಿನ ಕಡೆ ನೋಡಿದರು. ಕೇಳುವಂತಿಲ್ಲ, ಕೇಳದೆ ಇರುವಂತಿಲ್ಲ. ಹೆಂಡತಿ, ಮಗಳನ್ನು ಯಾವಾಗ ಕರೆಸಿಕೊಳ್ಳುತ್ತೀರಿ ಎಂದು ಮಾವನ ಮನೆಯವರು ಕಾಗದದಲ್ಲಿ ಕೇಳಿ ಕೇಳಿ ಈಗ ಕೇಳುವುದನ್ನೂ ಬಿಟ್ಟಿದ್ದಾರೆ, ಅದೇ ಹೆಚ್ಚು ಹೆದರಿಕೆ ಎಂದರು. ಇಂಥ ಹೆದರಿಕೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಪರೀಕ್ಷೆ ಮುಗಿದ ಮರುದಿನ ಮಾಸ್ತರರು ಹಾಸ್ಟೆಲಿಗೆ ಬಂದು, "ಹುನಗುಂದಕ್ಕೆ ಹೋಗೋಣ ಬಾ. ದಾರಿಯಲ್ಲಿ ನನಗೆ ಬೆರಳು ಕಲಿಸು" ಎಂದರು. ಮತ್ತೊಮ್ಮೆ ಕೈ ಹಿಡಿದರೆ ಈ ಸಲವಾದರೂ ತಿಳಿಯಲಿ ಎಂಬ ಆಸೆ. ಗೆಳೆಯನೂ ಇಳಕಲ್ಲಿಗೆ ಅದೇ ಬಸ್ಸಿನಲ್ಲಿ ಹೊರಟಿದ್ದ. ಬಸ್ಸಿನಲ್ಲಿ ಮಾಸ್ತರರ ಕರ್ಚೀಫನ್ನು ನಮ್ಮಿಬ್ಬರ ಕೈ ಮೇಲೆ ಹಾಕಿಕೊಂಡು, ಮಂದಿ ವಸ್ತ್ರದ ಕೆಳಗೆ ಕಣ್ಣು ಹಾಕಬಾರದು ಎಂಬಲ್ಲಿಂದ ನಾನು ಪಾಠ ಶುರು ಮಾಡಿದೆ. ಎದುರು ಸೀಟಿನ ಮುದುಕಿಯೊಬ್ಬಳು ನಮ್ಮನ್ನೇ ನೋಡಿ ನೋಡಿ, ಕಡೆಗೆ ತಡೆಯಲಾರದೆ, "ಏನಾಗೇತ್ರಿ ಯಪ್ಪಾ ಇವರಿಗೆ, ಕೈ ಸುಟ್ಟೈತೇನು?" ಎಂದು ಗೆಳೆಯನನ್ನು ಕೇಳಿದಳು.

"ಇಲ್ಲಬೇ ಆಯಿ. ಮಾಸ್ತರ ಪರೀಕ್ಷಾ ಕೊಡಾಕ ಹೊಂಟಾರ, ಹುಡುಗ ಓದಿಸಾಕತ್ತಾನ" ಎಂದ ಅವನು. ಮಾಸ್ತರರು ನಗಲಿಲ್ಲ. ಬೆರಳುಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದರು. ಅವರ ಅಂಗೈ ಒದ್ದೆಯಾಗಿತ್ತೋ ನನ್ನದೋ, ಕರ್ಚೀಫು ಮಾತ್ರ ಹಿಂಡುವಂತಾಗಿತ್ತು.

ಹುನಗುಂದದಲ್ಲಿ ನಾವಿಬ್ಬರೇ ಇಳಿದೆವು. ಅಡತಿ ಅಂಗಡಿಯಲ್ಲಿ ಅರಳೆಯ ಅಂಡಿಗೆಗಳ ನಡುವೆ ಬಿಳಿ ಗಾದಿ, ಲೋಡಿಗೆ ಒರಗಿ ಚೇರ್ಮನ್ ಸಾಹೇಬರು.

"ಬರ್ರಿ ಮಾಸ್ತರ, ಬರ್ರಿ. ಕುಂದರ್ರಿ. ಏ, ಚಾ ಹೇಳ್ರೋ." ನನ್ನನ್ನೂ ನೋಡಿದರು. "ಸೀರಿ ತಗೊಂಡ ಸಾವಕಾರ್ರು ಅಲ್ಲೇನು ನೀವು?"

ನಾನು ಗಾದಿಯ ಅಂಚಿನಲ್ಲಿ ಅರ್ಧ ಕೂತೆ. ಚಹಾ ಬಂತು, ಮುಗಿಯಿತು. ಮಳೆಯ ಮಾತು, ಅರಳೆಯ ಮಾತು.

"ಮತ್ತ? ಏನ ಕೆಲಸ ಇತ್ತು ಇಷ್ಟ ದೂರ ಬರಾಕ?" ಎಂದರು ಸಾಹೇಬರು. "ಅವತ್ತ ಹೂಂ ಅಂದ್ರೆಲ್ಲಾ."

ಕೇಳಿದರೆ ಮುರಿಯುತ್ತದೆ. ಕೇಳದಿದ್ದರೆ ಬಸ್ಸು ಹತ್ತಿ ಹಾಗೇ ಹಿಂದಿರುಗಬೇಕು. ಮಾಸ್ತರರು ಎಲ್ಲಿ ಬಾಯಿ ಬಿಡುತ್ತಾರೋ ಎಂದು ನಾನು ಅವರ ಅಂಗಿಯ ಚುಂಗು ಜಗ್ಗಲು ಕೈ ನೀಡಿದೆ. ಅಷ್ಟರಲ್ಲಿ ಅವರು ಜೇಬಿನಿಂದ ಕರ್ಚೀಫು ತೆಗೆದರು. ನೀಲಿ ಅಂಚಿನದು, ಮುದ್ದೆಯಾದದ್ದು. ಅದನ್ನು ತೊಡೆಯ ಮೇಲೆ ಉಜ್ಜಿ ನೇರ ಮಾಡಿ, ತಮ್ಮ ಬಲಗೈ ಮೇಲೆ ಹೊದಿಸಿ, ಸಾಹೇಬರ ಮುಂದೆ ಚಾಚಿದರು.

ಚೇರ್ಮನ್ ಸಾಹೇಬರು ಕರ್ಚೀಫನ್ನು ನೋಡಿದರು. "ಇದರಾಗ ನಂದೊಂದ ಕೈ ಸುದ್ದಾ ಮುಚ್ಚೂದಿಲ್ಲಲ್ರಿ ಮಾಸ್ತರ" ಎಂದರು. ಆದರೂ ಲೋಡಿನಿಂದ ಎದ್ದು ಮುಂದೆ ಬಾಗಿ, ಕೈ ಒಳಗಿಟ್ಟರು.

ಖರೆ ಹೇಳಬೇಕೆಂದರೆ, ಮುಚ್ಚಿರಲಿಲ್ಲ. ಅವರ ಅರ್ಧ ಕೈ ಹೊರಗೇ ಇತ್ತು. ನಾನು ಕೂತ ಜಾಗದಿಂದ ಒಂದಿಷ್ಟು ಕತ್ತು ವಾಲಿಸಿದರೆ ಯಾವ ಬೆರಳು ಎಂದು ಎಣಿಸಬಹುದಿತ್ತು. ಎಷ್ಟೋ ವಾರ ನಾನು ನಿದ್ದೆಗೆಟ್ಟದ್ದು ಆ ಬೆರಳುಗಳಿಗಾಗಿಯೇ. ಅಪ್ಪನ ಕೈ ಕೆರೂರಿನಿಂದ ಹುನಗುಂದದವರೆಗೆ ಬಂದು ಕಪಾಳದ ಹತ್ತಿರ ನಿಂತಂತಾಯಿತು. ಮುಖ ತಿರುಗಿಸಿ ಗೋಡೆಯ ಕ್ಯಾಲೆಂಡರಿನ ಬಸವಣ್ಣನನ್ನು ನೋಡುತ್ತ ಕೂತೆ.

"ಊಹುಂ" ಎಂಬುದು ಕೇಳಿಸಿತು.

ಅದು ಮಾಸ್ತರರ ದನಿ! ಬದುಕಿನಲ್ಲಿ ಯಾರಿಗೂ ಒಲ್ಲೆ ಎನ್ನದ ಮನುಷ್ಯ, ಒಲ್ಲೆ ಎನ್ನಲು ಇದೇ ಜಾಗ ಸಿಕ್ಕಿತೇ? ಎದ್ದು ಕಾಲಿಗೆ ಬೀಳಲೇ, ಹುಡುಗುತನದಿಂದ ಅಂದರೆಂದು ಹೇಳಲೇ ಎಂದೆಲ್ಲ ಯೋಚಿಸಿದೆ. ಮತ್ತೆ "ಊಹುಂ." ಈ ಸಲವೂ ಮಾಸ್ತರರೇ, ಮೊದಲಿಗಿಂತ ಸ್ಪಷ್ಟವಾಗಿ.

"ಎಲಾ ಮಾಸ್ತರ!" ಎಂದರು ಚೇರ್ಮನ್ ಸಾಹೇಬರು. ಅದು ಸಿಟ್ಟೋ ಸಂತೋಷವೋ ಕ್ಯಾಲೆಂಡರಿನ ಮೇಲೆ ಬರೆದಿರಲಿಲ್ಲ. ಆಮೇಲೆ ಎರಡು ದನಿಯ "ಹೂಂ" ಒಟ್ಟಿಗೆ ಕೇಳಿಸಿತು.

ನಾನು ತಿರುಗಿದಾಗ ಮಾಸ್ತರರು ಕರ್ಚೀಫನ್ನು ಮಡಚಿ ಜೇಬಿಗೆ ಇಡುತ್ತಿದ್ದರು. ಸಾಹೇಬರು ಮತ್ತೆ ಲೋಡಿಗೆ ಒರಗಿದ್ದರು. ಮಳೆಯ ಮಾತು ಬಿಟ್ಟಲ್ಲಿಂದ ಮುಂದುವರಿಯಿತು.

ಹೊರಗೆ ಬಂದೊಡನೆ ಕೇಳಿದೆ. "ಏನಾತ್ರಿ ಸರ್? ಮೂರ ಏನಂತ್ರಿ? ಇಟಗೋತಾರೇನ್ರಿ?"

ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಮಿರ್ಚಿ ಭಜಿ ಕರಿಯುತ್ತಿದ್ದರು. ಖಾರವೆಂದರೆ ದೂರ ಓಡುತ್ತಿದ್ದ ಮಾಸ್ತರರು ಒಂದು ಪ್ಲೇಟು ಹೇಳಿ, ಒಂದನ್ನು ಬಾಯಿಗಿಟ್ಟು, ಕಣ್ಣಲ್ಲಿ ನೀರು ತಂದುಕೊಂಡು ನನ್ನ ಕಡೆ ನೋಡಿದರು. ಆ ನೀರು ಮೆಣಸಿನಕಾಯಿಯದೋ ಬೇರೆಯದೋ ತಿಳಿಯಲಿಲ್ಲ.

"ಬೇರೆಯವರ ಬಟ್ಟೆ ಕೆಳಗೆ ಕಣ್ಣು ಹಾಕಬಾರದು ಅಂತ ನೀನೇ ತಾನೇ ಹೇಳಿದ್ದು?" ಎಂದರು.

"ಕಣ್ಣ ಹಾಕಿಲ್ರಿ ಸರ್. ಬರೇ ಕೇಳಾಕತ್ತೇನ್ರಿ."

"ಕೇಳಿದರೆ ಮುರಿಯುತ್ತಂತಲ್ಲಪ್ಪಾ" ಎಂದು ಇನ್ನೊಂದು ಭಜಿ ಎತ್ತಿಕೊಂಡರು.

ಕಲಿಸಿದ್ದನ್ನು ಇಷ್ಟು ಚೆನ್ನಾಗಿ ಕಲಿಯುವ ವಿದ್ಯಾರ್ಥಿ ನನಗೆ ಆಮೇಲೆ ಸಿಗಲಿಲ್ಲ. ಅದರ ಫಲವಾಗಿ ಇಡೀ ಬೇಸಿಗೆ ರಜೆಯನ್ನು ನಾನು ಬದಾಮಿಯ ಅಕ್ಕನ ಮನೆಯಲ್ಲಿ ಬೆಂದು ಕಳೆದೆ. ಕೆಂಪು ಗುಡ್ಡದ ಕಾವು ಹೊರಗಿನಿಂದ, ಮಾಸ್ತರರ ಸುದ್ದಿ ಒಳಗಿನಿಂದ. ಕೆರೆಯ ಮೆಟ್ಟಿಲ ಮೇಲೆ ಕೂತು ಬಟ್ಟೆ ಒಗೆಯುವ ಸಪ್ಪಳ ಕೇಳುತ್ತ, ಆ ಎರಡು ಊಹುಂಗಳನ್ನು ತಿರುವಿ ತಿರುವಿ ನೋಡುತ್ತಿದ್ದೆ. ಮೊದಲನೆಯದಕ್ಕೆ ಇಟ್ಟುಕೊಂಡಿದ್ದರು, ಎರಡನೆಯದಕ್ಕೆ ತೆಗೆದುಹಾಕಿದರು ಎಂದು ಒಂದು ದಿನ ಅನಿಸುತ್ತಿತ್ತು. ಇಬ್ಬರೂ ಸೇರಿ ಹೂಂ ಎಂದರಲ್ಲ ಎಂದು ಇನ್ನೊಂದು ದಿನ. ಹೋಗಿಬನ್ನಿ ಎಂಬುದಕ್ಕೂ ಇಬ್ಬರೂ ಹೂಂ ಎನ್ನುತ್ತಾರೆಂದು ಮರುದಿನ. "ಏನ ಗುಣುಗುಣು ಮಾಡತೀಯೋ, ಹುಡಿಗಿ ಗಿಡಿಗಿ ನೋಡೀ ಏನು?" ಎಂದು ಅಕ್ಕ ಕೇಳಿದಳು. ಹುಡುಗಿಯಾಗಿದ್ದರೆ ಇಷ್ಟು ಚಿಂತೆ ಇರುತ್ತಿರಲಿಲ್ಲ.

ಜೂನಿನಲ್ಲಿ ಕಾಲೇಜು ಶುರುವಾಗುವ ಮುನ್ನಾದಿನ ಬದಾಮಿಯಿಂದ ರೈಲಿನಲ್ಲಿ ಬಂದಿಳಿದೆ. ಹಾಸ್ಟೆಲ್ಲಿಗೆ ಹೋಗಬೇಕಾದವನು ಗಂಟು ಹೊತ್ತುಕೊಂಡು ನೇರ ಆ ಓಣಿಗೆ ಹೋದೆ. ಮೂಲೆ ತಿರುಗುವ ಮೊದಲು ನಿಂತೆ. ಬೀಗ ಕಂಡರೆ ಏನು ಮಾಡುವುದೆಂದು ಯೋಚಿಸಿದೆ. ಬಾಗಿಲು ಬಡಿಯುವುದೇ, ಮತ್ತೇನು.

ಬಾಗಿಲು ತೆರೆದೇ ಇತ್ತು. ಬಾಗಿಲ ಮುಂದೆ, ಕಿಟಕಿಯ ಸರಳಿಗೂ ಎದುರಿನ ಬೇವಿನ ಗಿಡಕ್ಕೂ ನಡುವೆ ಒಂದು ಹಗ್ಗ ಕಟ್ಟಿತ್ತು. ಒಂದು ವರ್ಷ ನೋಡಿ ನೋಡಿ ನನಗೆ ಅದರ ಒಂದೊಂದು ಎಳೆಯ ಪರಿಚಯವಿತ್ತು. ಟ್ರಂಕಿನ ಮೂಲೆಗಳು ಕೂತಲ್ಲಿ ಅದು ಇನ್ನೂ ಮಡಿಚಿಕೊಂಡೇ ಇತ್ತು. ಹಗ್ಗದ ತುಂಬ ಅಂಗೈಯಷ್ಟಗಲದ ಲಂಗಗಳು, ಫ್ರಾಕುಗಳು, ಕೊನೆಗೆ ನೀಲಿ ಅಂಚಿನ ಒಂದು ಕರ್ಚೀಫು. ಒಳಗಿನಿಂದ ಮೈಸೂರು ಕನ್ನಡದಲ್ಲಿ ಯಾರೋ ಮಗುವಿಗೆ ಅನ್ನ ತಿನ್ನಲು ಗೋಗರೆಯುತ್ತಿದ್ದರು.

ನಾನು ಒಳಗೆ ಹೋಗಲಿಲ್ಲ. ಹಗ್ಗದ ಗಂಟು ಬಿಚ್ಚೀತೇ ಎಂದು ಒಮ್ಮೆ ಜಗ್ಗಿ ನೋಡಿದೆ. ಗಟ್ಟಿಯಾಗಿತ್ತು. ಹಾಸ್ಟೆಲಿನ ಕಡೆ ನಾಲ್ಕು ಹೆಜ್ಜೆ ನಡೆದು, ಸರಿಯಾಗಿ ಜಗ್ಗಿದೆನೋ ಇಲ್ಲವೋ ಎನಿಸಿ, ಮತ್ತೆ ಹಿಂದಿರುಗಿದೆ.